ಭಾನುವಾರ ಸಂಜೆ ಬರುವ ಶಾಲೆಯ ಪತ್ರ

ಭಾನುವಾರ ಸಂಜೆ ಐದು ಗಂಟೆಗೆ, ನಾನು ಮರುದಿನದ ದೋಸೆಗೆ ಹಿಟ್ಟು ರುಬ್ಬುತ್ತಿರುವ ಹೊತ್ತಿಗೆ ಸರಿಯಾಗಿ, ಮಗಳ ಶಾಲೆಯ ಪತ್ರ ಫೋನಿಗೆ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕಿರುವ ಫ್ರೀಮಾಂಟಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆ ಅದು. ಪತ್ರ ಬರೆಯುವವರು ಮುಖ್ಯೋಪಾಧ್ಯಾಯಿನಿ. ಗ್ರಂಥಾಲಯದ ಪುಸ್ತಕಗಳನ್ನು ಸೋಮವಾರ ಹಿಂದಿರುಗಿಸಬೇಕು, ಬುಧವಾರ ಶಾಲೆ ಬೇಗ ಬಿಡುತ್ತದೆ, ಗುರುವಾರ ಫೋಟೊ ತೆಗೆಯುವವರು ಬರುತ್ತಾರೆ, ಮಕ್ಕಳು ಬಿಟ್ಟುಹೋದ ಹದಿನೇಳು ಸ್ವೆಟರುಗಳು ವಾರಸುದಾರರಿಲ್ಲದೆ ಊಟದ ಹಾಲಿನ ಗೋಡೆಗೆ ನೇತಾಡುತ್ತಿವೆ, ದಯವಿಟ್ಟು ಬೆಳಿಗ್ಗೆ ಮಕ್ಕಳನ್ನು ಇಳಿಸುವ ಸಾಲಿನಲ್ಲಿ ಕಾರು ನಿಲ್ಲಿಸಿ ಕೆಳಗಿಳಿಯಬೇಡಿ ಎಂಬ ಬಗೆಯ ಸುದ್ದಿಗಳೇ ಅದರಲ್ಲಿ ಹೆಚ್ಚು. ಮೊದಮೊದಲು ನಾನು ಅದನ್ನು ಮದುವೆಯ ಕರೆಯೋಲೆಯಂತೆ ದಿನಾಂಕವನ್ನಷ್ಟೇ ನೋಡಿ ಮುಚ್ಚಿಬಿಡುತ್ತಿದ್ದೆ. ಅದರ ಬಹುತೇಕ ಸಾಲುಗಳ ಹಿಂದೆ ಒಂದು ಕಾನೂನೋ ಹಣದ ಲೆಕ್ಕವೋ ಅಡಗಿದೆಯೆಂದು ತಿಳಿಯುವಷ್ಟರಲ್ಲಿ ಮಗ ಆ ಶಾಲೆಯನ್ನು ಮುಗಿಸಿಯಾಗಿತ್ತು, ಮಗಳು ಒಂದನೆಯ ತರಗತಿಗೆ ಬಂದಿದ್ದಳು.

ನಾನು ಓದಿದ್ದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿಂದ ಮನೆಗೆ ಸುದ್ದಿ ಬರುತ್ತಿದ್ದುದು ನಮ್ಮ ಬಾಯಿಂದಲೇ. ನಾಳೆ ಧ್ವಜಾರೋಹಣ, ಬಿಳಿ ಅಂಗಿ ಬೇಕು; ನಾಡಿದ್ದು ಡಾಕ್ಟರು ಬರುತ್ತಾರೆ, ಸೂಜಿ ಹಾಕುತ್ತಾರೆ. ಎರಡನೆಯ ಸುದ್ದಿಯನ್ನು ನಾವು ಮನೆಗೆ ಮುಟ್ಟಿಸದೆ ನುಂಗಿಕೊಂಡದ್ದೂ ಉಂಟು. ಅಪ್ಪ ಶಾಲೆಯ ಮೆಟ್ಟಿಲು ಹತ್ತಿದ್ದು ನನಗೆ ನೆನಪಿರುವಂತೆ ಒಂದೇ ಸಲ, ವರ್ಗಾವಣೆ ಪತ್ರ ತರಲು. ಮಗುವನ್ನು ಶಾಲೆಗೆ ಸೇರಿಸಿದ ಮೇಲೆ ಮಿಕ್ಕದ್ದು ಮೇಷ್ಟ್ರ ಪಾಲಿನದು ಎಂಬ ನಂಬಿಕೆಯಲ್ಲಿ ಬೆಳೆದ ನನಗೆ, ವಾರವಾರವೂ ಏನಾದರೊಂದನ್ನು ಕೇಳುವ ಈ ಪತ್ರ ಕಿರಿಕಿರಿಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪತ್ರದಲ್ಲಿ ಅತಿ ಹೆಚ್ಚು ಸಲ ಬರುವ ಮಾತು ಹಾಜರಾತಿಯದು. ಮಗುವನ್ನು ದಿನವೂ, ಹೊತ್ತಿಗೆ ಸರಿಯಾಗಿ ಕಳುಹಿಸಿ ಎಂದು ಅವರು ಬೇಡಿಕೊಳ್ಳುವ ಧಾಟಿ ನನಗೆ ಅತಿಯೆನಿಸುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಕ್ಯಾಲಿಫೋರ್ನಿಯಾ ರಾಜ್ಯ ಶಾಲೆಗಳಿಗೆ ಹಣ ಕೊಡುವಾಗ ದಾಖಲಾದ ಮಕ್ಕಳ ಸಂಖ್ಯೆಯನ್ನು ನೋಡುವುದಿಲ್ಲ, ದಿನವೊಂದಕ್ಕೆ ಸರಾಸರಿ ಎಷ್ಟು ಮಕ್ಕಳು ತರಗತಿಯಲ್ಲಿದ್ದರು ಎಂಬುದನ್ನು ನೋಡುತ್ತದೆ. ಮಗು ಜ್ವರ ಬಂದು ಮನೆಯಲ್ಲಿ ಮಲಗಿದ್ದು, ನಾವು ಕ್ರಮವಾಗಿ ರಜೆ ತಿಳಿಸಿದ್ದರೂ ಆ ದಿನ ಹಾಜರಿಯ ಲೆಕ್ಕಕ್ಕೆ ಸೇರುವುದಿಲ್ಲ. ಶಾಲೆ ನಡೆಯುವ ಸುಮಾರು 180 ದಿನಗಳಲ್ಲಿ ಶೇಕಡಾ 10ರಷ್ಟು, ಅಂದರೆ 18 ದಿನ, ತಪ್ಪಿಸಿದ ಮಗು ದೀರ್ಘ ಗೈರುಹಾಜರಿಯ ಪಟ್ಟಿಗೆ ಸೇರುತ್ತದೆ. ಕಾರಣ ಯಾವುದಾದರೂ ಸರಿಯೆ. ಒಪ್ಪತಕ್ಕ ಕಾರಣವಿಲ್ಲದೆ ಮೂರು ದಿನ ತಪ್ಪಿಸಿದರಂತೂ ಕಾನೂನಿನ ಭಾಷೆಯಲ್ಲಿ ಬರೆದ ಪತ್ರವೊಂದು ಬೇರೆಯಾಗಿಯೇ ಮನೆಗೆ ಬರುತ್ತದೆ.

ನಮಗೂ ಅಂಥದೊಂದು ಬಂದಿತ್ತು. ಇಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಶಾಲೆಗಳಿಗೆ ಎರಡು ವಾರ ರಜೆ. ಆದರೆ ಇಪ್ಪತ್ತು ಗಂಟೆಗೂ ಮಿಕ್ಕಿ ಪ್ರಯಾಣ ಮಾಡಿ, ನಾಲ್ಕು ಜನರ ಟಿಕೆಟ್ಟಿಗೆ ಅಷ್ಟೊಂದು ಹಣ ಸುರಿದು, ಬೆಂಗಳೂರಿನಲ್ಲಿ ನಿದ್ದೆಯ ಹೊತ್ತು ಸರಿಹೋಗುವಷ್ಟರಲ್ಲಿ ಹಿಂದಿರುಗುವುದೆಂದರೆ ಯಾರ ಮನಸ್ಸೂ ಒಪ್ಪುವುದಿಲ್ಲ. ನಾದಿನಿಯ ಮದುವೆಯಿದ್ದ ವರ್ಷ ನಾವು ಐದು ವಾರ ಊರಿನಲ್ಲಿಯೇ ಉಳಿದೆವು; ತರಗತಿಯ ಶಿಕ್ಷಕಿಗೆ ಬಾಯಿಮಾತಿನಲ್ಲಿ ಹೇಳಿ ಹೊರಟರೆ ಸಾಕೆಂದುಕೊಂಡಿದ್ದೆ. ಮರಳಿ ಬಂದು ಅಂಚೆಪೆಟ್ಟಿಗೆ ತೆರೆದರೆ ಮೇಲಿನ ಲಕೋಟೆಯೇ ಅದು. ಮಗನ ಹೆಸರಿನ ಮುಂದೆ 'ಶಾಲೆ ತಪ್ಪಿಸುವ ವಿದ್ಯಾರ್ಥಿ' ಎಂಬರ್ಥದ ಪದ ಅಚ್ಚಾಗಿತ್ತು. ನನಗೆ ಅವಮಾನವಾಯಿತು, ಸಿಟ್ಟೂ ಬಂತು. ಆದರೆ ಸೆಪ್ಟೆಂಬರಿನಿಂದ ಬಂದಿದ್ದ ಭಾನುವಾರದ ಪತ್ರಗಳನ್ನು ತೆರೆದು ನೋಡಿದಾಗ, ದೀರ್ಘ ಪ್ರವಾಸ ಹೋಗುವವರು ಮೊದಲೇ ಸ್ವತಂತ್ರ ಅಧ್ಯಯನದ ಲಿಖಿತ ಒಪ್ಪಂದಕ್ಕೆ ಸಹಿ ಹಾಕಬೇಕೆಂಬ ಸೂಚನೆ ನಾಲ್ಕು ಸಲ ಬಂದಿತ್ತು. ಒಪ್ಪಂದ ಮಾಡಿಕೊಂಡು, ಶಿಕ್ಷಕಿ ಕೊಟ್ಟ ಪಾಠಗಳನ್ನು ಮುಗಿಸಿ ತಂದರೆ ಆ ದಿನಗಳು ಹಾಜರಿಯಾಗಿಯೇ ಎಣಿಕೆಯಾಗುತ್ತವೆ. ಅಂದಿನಿಂದ ನಮ್ಮ ಸೂಟ್‌ಕೇಸಿನಲ್ಲಿ ಒಂದು ಹಳದಿ ಕಡತ ಊರಿಗೆ ಹೋಗಿ ಬರುತ್ತದೆ. ಕಳೆದ ಸಲ ಮಗಳು ಅಜ್ಜಿಯ ಮನೆಯ ಜಗಲಿಯಲ್ಲಿ ಕುಳಿತು ಕೂಡುವ ಲೆಕ್ಕಗಳನ್ನು ಮಾಡಿದ್ದಳು. ಮೂರನೆಯ ಪುಟದ ಮೇಲೆ ಕಾಫಿ ಲೋಟದ ಉಂಗುರ ಮೂಡಿತ್ತು. ಶಿಕ್ಷಕಿ ಅದರ ಪಕ್ಕದಲ್ಲಿ ನಗುಮುಖವೊಂದನ್ನು ಬರೆದು ಹಿಂದಿರುಗಿಸಿದರು.

ಹಾಜರಾತಿಯ ವಿಷಯದಲ್ಲಿ ನಾನು ತಪ್ಪಿದ್ದು ಅಜ್ಞಾನದಿಂದ. ಮನೆಮಾತಿನ ವಿಷಯದಲ್ಲಿ ತಪ್ಪಿದ್ದು ತಿಳಿದೇ. ಮಗುವನ್ನು ಶಾಲೆಗೆ ಸೇರಿಸುವಾಗ ಇಲ್ಲಿ ಮನೆಮಾತಿನ ಸಮೀಕ್ಷೆಯೆಂಬ ಒಂದು ನಮೂನೆಯನ್ನು ತುಂಬಬೇಕು. ಮಗು ಮೊದಲು ಮಾತು ಕಲಿತದ್ದು ಯಾವ ಭಾಷೆಯಲ್ಲಿ, ಮನೆಯಲ್ಲಿ ಹೆಚ್ಚಾಗಿ ಆಡುವುದು ಯಾವುದನ್ನು, ತಂದೆತಾಯಿ ಮಗುವಿನೊಡನೆ ಆಡುವುದು ಯಾವುದನ್ನು, ಮನೆಯ ಹಿರಿಯರು ಆಡುವುದು ಯಾವುದನ್ನು ಎಂದು ನಾಲ್ಕು ಪ್ರಶ್ನೆಗಳು. ಮೊದಲ ಮೂರರಲ್ಲಿ ಯಾವುದಕ್ಕಾದರೂ ಇಂಗ್ಲಿಷಲ್ಲದ ಉತ್ತರವಿದ್ದರೆ, ಸೇರಿದ 30 ದಿನಗಳೊಳಗೆ ಮಗುವಿಗೆ ಇಂಗ್ಲಿಷ್ ಬಲ್ಲುದೇ ಎಂಬ ಪರೀಕ್ಷೆ ನಡೆಯುತ್ತದೆ. ಮಗನನ್ನು ಸೇರಿಸುವ ಹಿಂದಿನ ರಾತ್ರಿ ಇಲ್ಲಿಗೆ ನಮಗಿಂತ ಮೊದಲು ಬಂದಿದ್ದ ಗೆಳತಿಯೊಬ್ಬರು ಫೋನಿನಲ್ಲಿ ಹೇಳಿದರು: "ಎಲ್ಲದಕ್ಕೂ ಇಂಗ್ಲಿಷ್ ಅಂತ ಬರೆದುಬಿಡಿ. ಇಲ್ಲದಿದ್ದರೆ ಟೆಸ್ಟು, ಆಮೇಲೆ ಬೇರೆ ಗುಂಪು, ಸುಮ್ಮನೆ ತಲೆನೋವು." ಹಾಗೆಯೇ ಬರೆದೆ. ಅಮ್ಮನನ್ನು ಅಮ್ಮ ಎಂದೇ ಕರೆದು, ಚಂದಮಾಮನನ್ನು ತೋರಿಸಿದರೆ ಮಾತ್ರ ತುತ್ತು ನುಂಗುತ್ತಿದ್ದ ಹುಡುಗ ಮೊದಲು ಕಲಿತ ಭಾಷೆ ಇಂಗ್ಲಿಷ್ ಎಂದು ಸಹಿ ಹಾಕಿ ಕೊಟ್ಟೆ.

ಆ ನಮೂನೆ ಬಂದದ್ದು ಮಕ್ಕಳನ್ನು ಬೇರ್ಪಡಿಸಲೆಂದಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮನೆತನಗಳ ಮಕ್ಕಳು ತಿಳಿಯದ ಭಾಷೆಯಲ್ಲಿ ಪಾಠ ಕೇಳುತ್ತ ಕೂರಬೇಕಾದ ಸ್ಥಿತಿಯ ವಿರುದ್ಧ ಕುಟುಂಬಗಳು ನ್ಯಾಯಾಲಯಕ್ಕೆ ಹೋದಾಗ, 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಇಂಗ್ಲಿಷ್ ಬಾರದ ಮಕ್ಕಳನ್ನು ಗುರುತಿಸಿ ನೆರವಾಗುವ ಹೊಣೆ ಶಾಲೆಗಳ ಮೇಲೆ ಬಿದ್ದದ್ದು ಮುಖ್ಯವಾಗಿ ಅದರಿಂದ. ಇಂಗ್ಲಿಷ್ ಕಲಿಯುತ್ತಿರುವವರೆಂದು ಗುರುತಿಸಲಾದ ಪ್ರತಿಯೊಂದು ಮಗುವಿಗೂ ರಾಜ್ಯವು 2013ರಿಂದ ಮೂಲ ಅನುದಾನದ ಮೇಲೆ ಶೇಕಡಾ 20ರಷ್ಟು ಹೆಚ್ಚುವರಿ ಹಣ ಕೊಡುತ್ತಿದೆ. ಅಂತಹ ಮಕ್ಕಳು 21 ಮಂದಿಯಿದ್ದರೆ ಅವರ ಪೋಷಕರದೇ ಒಂದು ಸಲಹಾ ಸಮಿತಿ ಶಾಲೆಯಲ್ಲಿರಬೇಕು. ಎಲ್ಲಕ್ಕಿಂತ ನನ್ನನ್ನು ಚುಚ್ಚಿದ ನಿಯಮ ಬೇರೊಂದಿದೆ: ಶಾಲೆಯ ಮಕ್ಕಳಲ್ಲಿ ಶೇಕಡಾ 15 ಅಥವಾ ಅದಕ್ಕಿಂತ ಹೆಚ್ಚು ಮಂದಿಯ ಮನೆಮಾತು ಒಂದೇ ಆಗಿದ್ದರೆ, ಶಾಲೆಯಿಂದ ಮನೆಗೆ ಹೋಗುವ ಸೂಚನೆಗಳು ಇಂಗ್ಲಿಷಿನ ಜೊತೆಗೆ ಆ ಭಾಷೆಯಲ್ಲಿಯೂ ಇರಬೇಕು. ಎಣಿಕೆ ನಡೆಯುವುದು ಅದೇ ಸಮೀಕ್ಷೆಯಿಂದ. ನಮ್ಮ ಶಾಲೆಯಲ್ಲಿ ಕನ್ನಡದ ಮನೆಗಳು ಆ ಮಟ್ಟವನ್ನು ಮುಟ್ಟುತ್ತಿರಲಿಲ್ಲ, ಅದು ನಿಜ. ಆದರೂ ಕನ್ನಡದಲ್ಲಿ ಒಂದು ಸೂಚನೆಯೂ ಬರುವುದಿಲ್ಲವೆಂದು ಹಬ್ಬದ ಊಟಕ್ಕೆ ಸೇರಿದಾಗ ಗೊಣಗುತ್ತಿದ್ದವರಲ್ಲಿ ಎಷ್ಟು ಮಂದಿ ನನ್ನಂತೆಯೇ ಆ ನಾಲ್ಕು ಗೆರೆಗಳಲ್ಲಿ ಇಂಗ್ಲಿಷ್ ಎಂದು ಬರೆದಿದ್ದರೋ.

ಮಗಳ ಸರದಿ ಬಂದಾಗ ನಾಲ್ಕೂ ಕಡೆ ಕನ್ನಡವೆಂದು ಬರೆದೆ. ಪರೀಕ್ಷೆ ನಡೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಯಾರೋ ಒಬ್ಬರು ಚಿತ್ರ ತೋರಿಸಿ ಕತೆ ಹೇಳಿಸಿಕೊಂಡರೆಂದು ಸಂಭ್ರಮದಿಂದ ಬಂದು ಹೇಳಿದಳು. ಇಂಗ್ಲಿಷ್ ಚೆನ್ನಾಗಿ ಬಲ್ಲಳೆಂದು ಫಲಿತಾಂಶ ಬಂತು, ವಿಷಯ ಅಲ್ಲಿಗೆ ಮುಗಿಯಿತು. ಗೆಳತಿ ಹೇಳಿದ ತಲೆನೋವು ನಮ್ಮ ಪಾಲಿಗಂತೂ ಬರಲೇ ಇಲ್ಲ.

ಕನ್ನಡದಲ್ಲಿ ಪತ್ರ ಬರುವುದೇ ಇಲ್ಲವೆಂದೂ ಹೇಳುವಂತಿಲ್ಲ. ಶಾಲೆ ಬಳಸುವ ಆ್ಯಪಿನಲ್ಲಿ ಭಾಷೆ ಆರಿಸಿಕೊಳ್ಳುವ ಗುಂಡಿಯಿದೆ, ಒತ್ತಿದರೆ ಯಂತ್ರವೇ ಅನುವಾದಿಸಿ ಕೊಡುತ್ತದೆ. ನಮ್ಮೊಡನೆ ಆರು ತಿಂಗಳು ಇರಲು ಬಂದಿದ್ದ ಅತ್ತೆಯವರಿಗೆ ನಾನು ಅದನ್ನು ಒತ್ತಿಕೊಟ್ಟಿದ್ದೆ. ಅವರು ಕನ್ನಡಕ ಏರಿಸಿಕೊಂಡು, ದಿನಪತ್ರಿಕೆ ಓದುವ ಗಾಂಭೀರ್ಯದಿಂದ ಪೂರ್ತಿ ಓದುತ್ತಿದ್ದರು. ಮನೆಯಲ್ಲಿ ಆ ಪತ್ರವನ್ನು ಕೊನೆಯ ಸಾಲಿನವರೆಗೆ ಮೊದಲು ಓದಿದವರು ಅವರೇ. ಮಕ್ಕಳು ಶಾಲೆಯ ಬಣ್ಣದ ಅಂಗಿ ತೊಟ್ಟು ಬರುವ 'ಸ್ಪಿರಿಟ್ ಡೇ' ಯಂತ್ರದ ಕೈಯಲ್ಲಿ 'ಆತ್ಮ ದಿನ' ಆಗಿತ್ತು. ಮಹಾಲಯ ಅಮಾವಾಸ್ಯೆ ಹತ್ತಿರವಿದ್ದ ಕಾಲ. "ಇಲ್ಲಿ ಶಾಲೆಯಲ್ಲೂ ಪಿತೃಪಕ್ಷ ಮಾಡ್ತಾರೇನಮ್ಮ?" ಎಂದು ಅವರು ನಿಜವಾದ ಗೌರವದಿಂದಲೇ ಕೇಳಿದರು. ಶುಕ್ರವಾರ ಎಲ್ಲ ಮಕ್ಕಳೂ ನೀಲಿ ಅಂಗಿಯಲ್ಲಿ ಕುಣಿಯುತ್ತ ಹೋಗುವುದನ್ನು ಗೇಟಿನ ಬಳಿ ನಿಂತು ನೋಡಿದ ಮೇಲೂ ಅವರ ಸಂಶಯ ಪೂರ್ತಿ ತೀರಿದಂತಿರಲಿಲ್ಲ.

ಪತ್ರ ಹಣ ಕೇಳುವ ಬಗೆಯನ್ನೂ ಹೇಳಬೇಕು. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ, ಆದರೆ ಪೋಷಕರ ಮತ್ತು ಶಿಕ್ಷಕರ ಸಂಘವಾದ ಪಿಟಿಎ ವರ್ಷವಿಡೀ ದೇಣಿಗೆ ಎತ್ತುತ್ತಲೇ ಇರುತ್ತದೆ. ಮಕ್ಕಳು ಮೈದಾನದ ಸುತ್ತ ಓಡಿದ ಸುತ್ತುಗಳನ್ನು ಎಣಿಸಿ ಹಣ ಕೂಡಿಸುತ್ತಾರೆ, ಹೋಟೆಲಿನವರು ಗೊತ್ತಾದ ಸಂಜೆಯ ವ್ಯಾಪಾರದಲ್ಲಿ ಒಂದು ಪಾಲು ಕೊಡುತ್ತಾರೆ. ನೀವು ಕೊಟ್ಟಷ್ಟನ್ನೇ ನಿಮ್ಮ ಕಂಪನಿಯೂ ಸೇರಿಸುವುದಾದರೆ ಆ ಅರ್ಜಿಯನ್ನು ಮರೆಯಬೇಡಿ ಎಂದು ಡಿಸೆಂಬರಿನ ಪತ್ರ ನೆನಪಿಸುತ್ತದೆ. 1978ರಲ್ಲಿ ಇಲ್ಲಿನ ಮತದಾರರು ಆಸ್ತಿ ತೆರಿಗೆಗೆ ಶೇಕಡಾ 1ರ ಮಿತಿ ಹಾಕಿದಾಗ ಶಾಲೆಗಳ ಸ್ಥಳೀಯ ಆದಾಯ ತೀರ ಕುಗ್ಗಿತು. ನಮ್ಮ ಶಾಲೆಯಲ್ಲಿ ಸಂಗೀತ, ಚಿತ್ರಕಲೆಗಳ ತರಗತಿಗಳು ನಿಂತಿರುವುದು ಪಿಟಿಎ ಹಣದ ಮೇಲೆ. ಇದರಲ್ಲೊಂದು ಅನ್ಯಾಯವೂ ಇದೆ: ತಂದೆತಾಯಿಯರು ಇಂಜಿನಿಯರುಗಳಾಗಿರುವ ಬೀದಿಯ ಶಾಲೆಗೆ ಪಿಯಾನೊ ಬರುತ್ತದೆ, ಎರಡೆರಡು ಪಾಳಿ ದುಡಿಯುವವರ ಬೀದಿಯ ಶಾಲೆಗೆ ಬರುವುದಿಲ್ಲ. ಊಟದ ವಿಷಯದಲ್ಲಿ ಮಾತ್ರ ಈ ಭೇದ ಅಳಿದಿದೆ. 2022-23ನೆಯ ಸಾಲಿನಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ಯಾವ ಮಗು ಕೇಳಿದರೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಉಚಿತ. ಅಕ್ಷರ ದಾಸೋಹ ನಮ್ಮಲ್ಲಿ 2002ರಲ್ಲಿಯೇ ಆರಂಭವಾಗಿತ್ತು ಎಂದು ಪಿಟಿಎ ಸಭೆಯಲ್ಲಿ ಒಮ್ಮೆ ಹೇಳಿದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಸಿಯಾದ ಅನ್ನ ಸಾರು ಅಲ್ಲಿಯೇ ಬೇಯಿಸಿ ಬಡಿಸುತ್ತಾರೆಂದು ಕೇಳಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬರುವ ತಣ್ಣನೆಯ ಬರ್ರಿಟೊಗಳ ಬಗ್ಗೆ ದೂರುತ್ತಿದ್ದ ತಾಯಿಯೊಬ್ಬರು ಸುಮ್ಮನಾದರು.

ಅಕ್ಟೋಬರಿನ ಪತ್ರದಲ್ಲಿ ಭೂಕಂಪದ ಸುದ್ದಿಯಿರುತ್ತದೆ. ಫ್ರೀಮಾಂಟಿನ ಅಡಿಯಲ್ಲೇ ಹೇವರ್ಡ್ ಬಿರುಕು ಹಾದುಹೋಗಿದೆ. 1868ರ ಅಕ್ಟೋಬರಿನಲ್ಲಿ ಅದು ಕಂಪಿಸಿದಾಗ ಇಲ್ಲಿನ ಹಳೆಯ ಮಿಷನ್ ಸ್ಯಾನ್ ಹೊಸೆ ಚರ್ಚು ಕುಸಿದುಬಿದ್ದಿತ್ತು. ತಿಂಗಳ ಮೂರನೆಯ ಗುರುವಾರ ರಾಜ್ಯದಾದ್ಯಂತ ಮಕ್ಕಳು ಮೇಜಿನ ಕೆಳಗೆ ನುಸುಳಿ, ಅದರ ಕಾಲನ್ನು ಹಿಡಿದು ಕೂರುವ ಅಭ್ಯಾಸ ನಡೆಯುತ್ತದೆ. ಇದಕ್ಕಿಂತ ಮೊದಲೇ, ವರ್ಷದ ಆರಂಭದಲ್ಲಿ, ಪ್ರತಿ ಮಗುವೂ ಒಂದು ಜಿಪ್ ಚೀಲವನ್ನು ಶಾಲೆಯಲ್ಲಿ ಇರಿಸಬೇಕು: ಕೆಡದ ತಿನಿಸು, ಮನೆಯವರ ಒಂದು ಫೋಟೊ, ತಂದೆತಾಯಿ ಬರೆದ ಒಂದು ಚೀಟಿ. ರಸ್ತೆಗಳು ಮುರಿದು ನಾವು ಶಾಲೆ ತಲುಪುವುದು ತಡವಾದರೆ, ಮಗುವಿನ ಕೈಗೆ ಆ ಚೀಲ ಹೋಗುತ್ತದೆ.

ಮಗಳು ಒಂದನೆಯ ತರಗತಿಯಲ್ಲಿದ್ದಾಗ ಆ ಚೀಲ ಕಟ್ಟಿದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಅತ್ತೆಯವರು ಕಡಲೆಕಾಯಿ ಚಿಕ್ಕಿ ಇಡೋಣವೆಂದರು. ಅಲರ್ಜಿಯಿರುವ ಮಕ್ಕಳಿಗಾಗಿ ಕಡಲೆಕಾಯಿ ಕೂಡದೆಂದು ಪತ್ರದಲ್ಲಿಯೇ ಇತ್ತು. ಒಣದ್ರಾಕ್ಷಿ, ಗ್ಲೂಕೋಸ್ ಬಿಸ್ಕತ್ತು ಇಟ್ಟೆವು. ಊರಿನ ಮನೆಯ ಹೊಸಿಲ ಮುಂದೆ ಎಲ್ಲರೂ ಕುಳಿತು ತೆಗೆಸಿಕೊಂಡ ಫೋಟೊ ಇಟ್ಟೆವು. ಚೀಟಿಯ ಮುಂದೆ ಕುಳಿತಾಗ ಮಾತ್ರ ಕೈ ನಿಂತುಹೋಯಿತು. ಕನ್ನಡದಲ್ಲಿ ಬರೆದರೆ ಅವಳಿಗೆ ಇನ್ನೂ ಓದಲು ಬರುತ್ತಿರಲಿಲ್ಲ, ಶಿಕ್ಷಕಿಗೆ ಓದಿಹೇಳಲೂ ಬಾರದು. ನೆಲ ನಡುಗಿದ ದಿನ ಅವಳ ಕಿವಿಗೆ ಬೀಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಬರೆಯಲು ನನಗೂ ಬಾರದು. ಕೊನೆಗೆ "ಹೆದರಬೇಡ ಪುಟ್ಟಿ, ಅಮ್ಮ ಬರ್ತಾ ಇದ್ದಾಳೆ" ಎಂಬ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದು ಉಚ್ಚಾರವನ್ನೂ ಬಿಡಿಸಿ ಬರೆದು, ಇದನ್ನು ಬರೆದ ಹಾಗೆಯೇ ಓದಿ ಎಂದು ಶಿಕ್ಷಕಿಗೆ ಪಕ್ಕದಲ್ಲೊಂದು ಟಿಪ್ಪಣಿ ಇಟ್ಟೆ. ಮರುದಿನ ಚೀಲ ತೆಗೆದುಕೊಂಡ ಶಿಕ್ಷಕಿ ನನ್ನೆದುರಿಗೇ ಓದಿ ನೋಡಿದರು. 'ಹೆದರಬೇಡ' ಎಂಬುದು ಮೂರನೆಯ ಸಲಕ್ಕೆ ಸರಿಯಾಯಿತು.

ಜೂನಿನಲ್ಲಿ ಶಾಲೆ ಮುಗಿಯುವ ದಿನ ಚೀಲ ತೆರೆಯದೆಯೇ ಮನೆಗೆ ಬಂತು. ಒಣದ್ರಾಕ್ಷಿ ಕಲ್ಲಾಗಿತ್ತು, ಬಿಸ್ಕತ್ತು ಪುಡಿಯಾಗಿತ್ತು. ಮಗಳು ಚೀಟಿಯನ್ನು ಬದಿಗಿಟ್ಟು ಫೋಟೊ ಕೈಗೆತ್ತಿಕೊಂಡು, ಅಜ್ಜಿಯ ಪಕ್ಕದಲ್ಲಿರುವ ಬೆಕ್ಕು ಈಗಲೂ ಇದೆಯೇ ಎಂದು ಕೇಳಿದಳು. ಈ ಆಗಸ್ಟಿನ ಮೊದಲ ಪತ್ರದಲ್ಲಿ ಹೊಸ ಚೀಲ ಕಳುಹಿಸಬೇಕೆಂಬ ಸೂಚನೆ ಬಂದಿದೆ. ಶುಕ್ರವಾರ ಕೊನೆಯ ದಿನ.