ಮಾವಿನ ಮರ ಬಾಂಗ್ಲಾದೇಶದ್ದಂತೆ, ನಮ್ಮ ದೊಡ್ಡಪ್ಪ ಒಪ್ತಿಲ್ಲ

"ಅವ್ರುದ್ ಹೆಂಗಾಯ್ತದೆ ನಾಯ್ನಾ?"

ಈ ವಾರ ಪೂರ್ತಿ ಇದೊಂದೇ ಮಾತು ತಲೇಲಿ ಓಡ್ತಾ ಇದೆ. ಕುಕ್ಕರ್ ವಿಷಲ್ ಎಣಿಸ್ತಾ ನಿಂತಿದ್ರೆ ಅದೇ, ಕೋಲಾರ ಬಸ್ ಸ್ಟ್ಯಾಂಡಲ್ಲಿ ಬಸ್ಸಿಗೆ ಕಾಯ್ತಿದ್ರೆ ಅದೇ. ಕೇಳಿದ್ದು ನಮ್ಮ ದೊಡ್ಡಪ್ಪ, ಗಣಪತಿ ಪೆಂಡಾಲ್ ಮುಂದೆ, ಊರೆಲ್ಲಾ ಕೂತಿರೋವಾಗ, ಮೈಕ್ ಹಿಡ್ಕೊಂಡು ನಿಂತಿದ್ದ ನಮ್ಮಣ್ಣನ ಮಗನನ್ನ.

ಶ್ರೀನಿವಾಸಪುರ ತಾಲ್ಲೂಕು ಅಂದ್ಮೇಲೆ ನಮ್ಮೂರಿನ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಮಾವು, ಮಾವು ಬಿಟ್ರೆ ಟೊಮೆಟೊ. ಗಣಪತಿ ಕೂರಿಸಿದ್ರೆ ಒಂದು ಸಂಜೆ ಆರ್ಕೆಸ್ಟ್ರಾ, ಒಂದು ಸಂಜೆ ರಂಗೋಲಿ, ಈ ಸಲ ನಮ್ಮ ಹುಡುಗ ಬೆಂಗಳೂರಿಂದ ಬಂದು ಮಕ್ಕಳಿಗೆ ಕ್ವಿಜ್ ಇಟ್ಟಿದ್ದ. ಒಳ್ಳೆ ಹುಡುಗಾನೇ, ಆದ್ರೆ ವೈಟ್‌ಫೀಲ್ಡಲ್ಲಿ ಕೆಲಸಕ್ಕೆ ಸೇರಿದಾಗಿಂದ ಊರಿಗೆ ಬಂದಾಗೆಲ್ಲಾ ಊರನ್ನ ಒಂಚೂರು ಉದ್ಧಾರ ಮಾಡಿ ಹೋಗ್ಬೇಕು ಅನ್ನೋ ಚಟ ಹತ್ತಿದೆ. ಒಂದು ರೌಂಡ್ ಪೂರ್ತಿ ದೇಶಗಳು, ಅವರ ಮರಗಳು ಅಂತೆ. ಯಾವ ದೇಶದ ಬಾವುಟದಲ್ಲಿ ಪೂರ್ತಿ ಮರ ಇದೆ, ಲೆಬನಾನ್, ಸೀಡರ್ ಮರ. ಕೆನಡಾ ಬಾವುಟದಲ್ಲಿರೋ ಎಲೆ ಯಾವ್ದು, ಮೇಪಲ್. ಮಕ್ಕಳು ಪಟಪಟ ಅಂತ ಹೇಳ್ತಿದ್ವು, ಹೆಂಗೆ ಗೊತ್ತಿತ್ತೋ, ಮೊಬೈಲ್ ಕೃಪೆ ಇರ್ಬೇಕು. ಆಮೇಲೆ ಕೇಳಿದ, ಮಾವಿನ ಮರ ಯಾವ ದೇಶದ ರಾಷ್ಟ್ರೀಯ ಮರ?

ನಮ್ಮೂರಲ್ಲಿ ನಿಂತು ಕೇಳೋ ಪ್ರಶ್ನೇನಾ ಅದು. ಮಕ್ಕಳು ಮಾತ್ರ ಅಲ್ಲ, ಹಿಂದೆ ನಿಂತಿದ್ದ ಗಂಡಸ್ರು, ಪ್ರಸಾದ ಹಂಚ್ತಿದ್ದ ಹೆಂಗಸ್ರು ಎಲ್ಲಾ ಸೇರಿ "ಇಂಡಿಯಾ" ಅಂತ ಕೂಗಿದ್ರು. ಇವನು ಟೀವಿಯವರ ಥರ ಸ್ವಲ್ಪ ಗ್ಯಾಪ್ ಕೊಟ್ಟು, "ತಪ್ಪು ಉತ್ತರ! ಬಾಂಗ್ಲಾದೇಶ" ಅಂದ.

ಆಗ ಎದ್ದಿದ್ದು ದೊಡ್ಡಪ್ಪ. ಎಂಬತ್ತರ ಹತ್ತಿರ ವಯಸ್ಸು, ಕಿವಿ ಮಂದ ಅಂತ ಮನೆಯವ್ರೆಲ್ಲಾ ನಂಬ್ಕೊಂಡಿದಾರೆ, ನನಗೇನೋ ಡೌಟು, ಬೇಕಾದ್ದೆಲ್ಲಾ ಚೆನ್ನಾಗೇ ಕೇಳಿಸುತ್ತೆ ಅವರಿಗೆ.

"ಅವ್ರುದ್ ಹೆಂಗಾಯ್ತದೆ ನಾಯ್ನಾ?"

"ಅವ್ರು ಡಿಕ್ಲೇರ್ ಮಾಡ್ಕೊಂಡಿದಾರೆ ತಾತ. ನಮ್ದು ಆಲದ ಮರ."

"ಆಲದ ಮರ ಯಾರಾನ ನಾಟಿ ಮಾಡವ್ರೇನೋ ಈ ತಾಲ್ಲೂಕಲ್ಲಿ? ಬದುವಲ್ಲಿ ಹುಟ್ಕೊಂಡ್ರೆ ಕಿತ್ತಾಕ್ತೀವಿ. ಬಿಂದಿಗೇಲಿ ನೀರು ಹೊತ್ತು ಸಾಕಿದ್ದು ಯಾವ್ ಮರ, ಹೇಳು?"

"ತಾತ, ಅದು ಸುಮ್ನೆ ಸಿಂಬಲ್ ಅಷ್ಟೇ..."

"ಸುಮ್ನೆ ಆದ್ರೆ ನಮ್ದೂ ಇಡ್ಬೋದಾಗಿತ್ತಲ್ಲ!"

ಜನ ಬಿದ್ದು ಬಿದ್ದು ನಕ್ರು. ನಮ್ಮ ಹುಡುಗ ಮುಖ ಕೆಂಪು ಮಾಡ್ಕೊಂಡು ಮುಂದಿನ ಪ್ರಶ್ನೆಗೆ ಹೋದ. ಆದ್ರೆ ನಾನು ಆ ರಾತ್ರಿ ಮಲಗಿದ್ದೋಳು ಎದ್ದು ಕೂತು ಇದೇ ಯೋಚನೆ ಮಾಡ್ತಿದ್ದೆ, ಸುಮ್ನೆ ಆದ್ರೆ ನಮ್ದೂ ಇಡ್ಬೋದಾಗಿತ್ತಲ್ಲ. ನಿಜ ತಾನೆ. ಯಾರು ಕೂತು ಇದನ್ನೆಲ್ಲಾ ಡಿಸೈಡ್ ಮಾಡೋದು, ಏನ್ ನೋಡಿ?

ಬಾಂಗ್ಲಾದೇಶದವ್ರು ಮಾವಿನ ಮರಾನ ರಾಷ್ಟ್ರೀಯ ಮರ ಮಾಡ್ಕೊಂಡಿದ್ದು 2010ರಲ್ಲಿ, ಹಳೇದೇನಲ್ಲ. ಅವರ ಕಡೆ ಮಾವಿನ ತೋಪಿಗೆ ಇತಿಹಾಸ ಇದೆ. 1757ರಲ್ಲಿ ಸಿರಾಜುದ್ದೌಲ ಕ್ಲೈವ್ ಕೈಲಿ ಸೋತಿದ್ದು ಪ್ಲಾಸಿಯಲ್ಲಿ, ಕ್ಲೈವ್ ಸೈನ್ಯ ಬೀಡುಬಿಟ್ಟಿದ್ದೇ ಮಾವಿನ ತೋಪಲ್ಲಿ. ಆಮೇಲೆ 1971ರ ಏಪ್ರಿಲ್ 17, ಬಾಂಗ್ಲಾದೇಶದ ಮೊದಲ ಸರ್ಕಾರ ಪ್ರಮಾಣವಚನ ತಗೊಂಡಿದ್ದು ಮೆಹೆರ್‌ಪುರದ ಹತ್ತಿರ ಬೈದ್ಯನಾಥತಲಾ ಅನ್ನೋ ಊರಲ್ಲಿ, ಅದೂ ಮಾವಿನ ತೋಪಿನ ಕೆಳಗೆ, ಆ ಜಾಗಕ್ಕೆ ಆಮೇಲೆ ಮುಜೀಬ್‌ನಗರ ಅಂತ ಹೆಸರಿಟ್ರು. ಸ್ವಾತಂತ್ರ್ಯ ಕಳ್ಕೊಂಡಿದ್ದೂ ಮಾವಿನ ತೋಪಲ್ಲಿ, ಪಡ್ಕೊಳ್ಳೋಕೆ ಹೊರಟಿದ್ದೂ ಮಾವಿನ ತೋಪಲ್ಲಿ. ಟ್ಯಾಗೋರ್ ಬರೆದ ಅವರ ರಾಷ್ಟ್ರಗೀತೆಯಲ್ಲೂ ಫಾಲ್ಗುಣದ ಮಾವಿನ ತೋಪಿನ ಪರಿಮಳ ಬರುತ್ತೆ. ಇಷ್ಟೆಲ್ಲಾ ಇರೋವಾಗ ಅವರು ಮಾವು ಬಿಟ್ಟು ಇನ್ನೇನ್ ಇಡ್ತಾರೆ.

ತಮಾಷೆ ಏನಂದ್ರೆ ಆ ಪ್ಲಾಸಿ ಈಗ ಇರೋದು ನಮ್ಮ ದೇಶದಲ್ಲಿ, ಪಶ್ಚಿಮ ಬಂಗಾಳದ ನದಿಯಾ ಜಿಲ್ಲೇಲಿ! ಇನ್ನೊಂದು ತಮಾಷೆ, ಮಾವಿನ ಮರ ಅವರದ್ದು, ಆದ್ರೆ ಅವರ ರಾಷ್ಟ್ರೀಯ ಹಣ್ಣು ಹಲಸು. ನಮ್ಮ ರಾಷ್ಟ್ರೀಯ ಹಣ್ಣು ಮಾವು, ಮರ ಆಲ. ಪಾಕಿಸ್ತಾನದವರ ಹಣ್ಣೂ ಮಾವೇ, ಮರ ದೇವದಾರು. ಅಂದ್ರೆ ಹಣ್ಣು ನಾವು ತಿಂತೀವಿ ಮರ ಅವರಿಗಿರಲಿ ಅನ್ನೋ ಹಂಗಿದೆ, ಅಣ್ಣತಮ್ಮಂದ್ರು ಪಾಲು ಆದಾಗ ಪಂಚಾಯ್ತಿದಾರ್ರು ಮಾಡಿಟ್ಟ ಲೆಕ್ಕದ ಥರ.

ಮಾರನೇ ದಿನ ತೋಟಕ್ಕೆ ಹೋದಾಗ ಇದನ್ನೆಲ್ಲಾ ದೊಡ್ಡಪ್ಪಂಗೆ ಹೇಳ್ದೆ, ಸ್ವಲ್ಪ ಸಮಾಧಾನ ಆಗ್ಲಿ ಅಂತ. ಯುದ್ಧ, ಪ್ರಮಾಣವಚನ ಎಲ್ಲಾ ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಅಂದ್ರು, "ಅಲ್ಲಮ್ಮಾ, ತೋಪಲ್ಲಿ ಮೀಟಿಂಗ್ ಮಾಡ್ದೋರ್ನೆಲ್ಲಾ ಹೇಳ್ದೆ, ತೋಪು ಹಾಕ್ದೋನು ಯಾರು ಅಂತ ಹೇಳ್ಲಿಲ್ವಲ್ಲ?"

ಅದಕ್ಕೆ ನನ್ನ ಹತ್ರ ಏನಿರುತ್ತೆ ಉತ್ತರ.

ದೊಡ್ಡಪ್ಪಂದು ಇದು ಬರೀ ಕ್ವಿಜ್ ಸಿಟ್ಟಲ್ಲ ಅಂತ ನನಗೆ ಗೊತ್ತು. 2025ರ ಜೂನ್ ನೆನಪಿದೆಯಲ್ಲ. ನಮ್ಮ ಕಡೆ ತೋತಾಪುರಿ ಅರ್ಧಕ್ಕರ್ಧ ಹೋಗೋದು ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳಿಗೆ, ಹಣ್ಣಾಗಿ ತಿನ್ನೋಕಿಂತ ಜ್ಯೂಸಿಗೆ ಆ ಕಾಯಿ. ಆ ವರ್ಷ ಫಸಲು ಜೋರು, ರೇಟು ನೆಲ ಕಚ್ತು, ಅದೇ ಟೈಮಿಗೆ ಚಿತ್ತೂರು ಜಿಲ್ಲಾಡಳಿತ ಬೇರೆ ರಾಜ್ಯದ ತೋತಾಪುರಿ ಒಳಗೆ ಬರಬಾರ್ದು ಅಂತ ಆರ್ಡರ್ ಮಾಡ್ತು. ಅವರ ರೈತರಿಗೆ ಫ್ಯಾಕ್ಟರಿಯವ್ರು ಕೆಜಿಗೆ 8 ರೂಪಾಯಿ, ಸರ್ಕಾರ 4 ರೂಪಾಯಿ, ಒಟ್ಟು 12 ಅಂತ ಮಾಡಿದ್ರು, ನಮ್ಮ ಕಾಯಿ ಹೋದ್ರೆ ಅವರ ಕಾಯಿ ಉಳಿಯುತ್ತಲ್ಲ, ಅವರ ಲೆಕ್ಕ ಅವರಿಗೆ. ಚೆಕ್‌ಪೋಸ್ಟಲ್ಲಿ ಪೊಲೀಸರು, ಈ ಕಡೆ ನಮ್ಮ ಗಾಡಿಗಳು, ಕಾಯಿ ಗಾಡೀಲೇ ಹಣ್ಣಾಗ್ತಿತ್ತು. ಶ್ರೀನಿವಾಸಪುರದಲ್ಲಿ ರೋಡಿಗೆ ಸುರಿದ್ರು, ಸಿಎಂ ಆಂಧ್ರ ಸಿಎಂಗೆ ಪತ್ರ ಬರೆದ್ರು, ಆಮೇಲೆ ಕೇಂದ್ರದವ್ರು 2.5 ಲಕ್ಷ ಟನ್ ತನಕ ಬೆಲೆ ವ್ಯತ್ಯಾಸ ಕೊಡ್ತೀವಿ ಅಂತ ಒಪ್ಕೊಂಡ್ರು. ಅಷ್ಟು ಹೊತ್ತಿಗೆ ಎಷ್ಟು ಜನರ ಕಾಯಿ ತಿಪ್ಪೆ ಸೇರಿತ್ತೋ.

ಆ ಜೂನಲ್ಲಿ ದೊಡ್ಡಪ್ಪ ಊಟ ಸರಿಯಾಗಿ ಮಾಡ್ತಿರ್ಲಿಲ್ಲ ಅಂತ ದೊಡ್ಡಮ್ಮ ಹೇಳ್ತಿದ್ರು. ಈಗ ಅದೇ ಮನುಷ್ಯನ ಮುಂದೆ ಮೊಮ್ಮಗ ಮೈಕ್ ಹಿಡ್ದು, ಮಾವಿನ ಮರ ಇಂಡಿಯಾದ್ದು ಅನ್ನೋದು ತಪ್ಪು ಉತ್ತರ ಅಂದ್ರೆ ಹೆಂಗಿರ್ಬೇಡ. ನಮ್ಮ ಹುಡುಗನಿಗೆ ಇದು ಹೊಳೀಲೇ ಇಲ್ಲ, ಅದೇ ನನಗೆ ಬೇಜಾರು. ಅವನ ಇಂಜಿನಿಯರಿಂಗ್ ಫೀಸು ಬಂದಿದ್ದು ಎಲ್ಲಿಂದ, ಆ ತೋತಾಪುರಿ ಗುತ್ತಿಗೆ ದುಡ್ಡಿಂದ. ಬೈಯೋಣ ಅನ್ಕೊಂಡೆ, ಬಿಟ್ಟೆ, ಹಬ್ಬದ ದಿನ ಯಾಕೆ.

ಹಂಗಂತ ಆಲದ ಮರದ ಮೇಲೆ ನನಗೇನು ಕೋಪ ಇಲ್ಲ. ಆಂಧ್ರದ ಕದಿರಿ ಹತ್ರ ತಿಮ್ಮಮ್ಮ ಮರ್ರಿಮಾನು ಅನ್ನೋ ಆಲದ ಮರ ನೋಡಿದೀನಿ, ಗಿನ್ನೆಸ್ ಬುಕ್ಕಲ್ಲಿ ಬಂದಿದೆ, ಒಂದೇ ಮರ ಎಕರೆಗಟ್ಟಲೆ ಹರಡಿದೆ, ಒಳಗೆ ನಿಂತ್ರೆ ಬುಡ ಯಾವ್ದು ಬಿಳಲು ಯಾವ್ದು ಗೊತ್ತಾಗಲ್ಲ. ಅಂಥಾ ಮರ ಕಂಡ್ರೆ ಯಾರಿಗಾದ್ರೂ ದೇಶ ಗೀಶ ಅಂತ ದೊಡ್ಡ ದೊಡ್ಡ ಮಾತು ನೆನಪಾಗುತ್ತೆ. ಇಂಡೋನೇಷ್ಯಾದವ್ರೂ ಲಾಂಛನದಲ್ಲಿ ಗರುಡನ ಎದೆ ಮೇಲೆ ಆಲದ ಮರ ಇಟ್ಕೊಂಡಿದಾರೆ, ದೇಶದ ಒಗ್ಗಟ್ಟು ಅನ್ನೋದಕ್ಕೆ ಗುರುತು. ಅಲ್ಲಿ ಸರ್ವಾಧಿಕಾರಿ ಸುಹಾರ್ತೋ ಕಾಲದಿಂದ ಒಂದು ದೊಡ್ಡ ಪಕ್ಷದ ಚಿಹ್ನೇನೂ ಅದೇ ಮರ. ಆಲದ ಮರ ಎಷ್ಟು ಅನುಕೂಲ ನೋಡಿ, ಎಲ್ಲರಿಗೂ ನೆರಳು ಅಂತ ಭಾಷಣ ಬಿಗೀಬಹುದು, ಆಮೇಲೆ ಅದು ಬಂದು ರೇಟ್ ಕೊಡಿ ಅಂತ ಕೇಳಲ್ಲ. ಆಲದ ಮರದ ಹಿಂದೆ ರೈತ ಇಲ್ಲ, ಮಂಡಿ ಇಲ್ಲ, ಕಮಿಷನ್ ಏಜೆಂಟ್ ಇಲ್ಲ, ಕಾಯಿ ರೋಡಿಗೆ ಸುರಿಯೋರು ಇಲ್ಲ. ಮರ್ಯಾದೆ ಕೊಟ್ರೆ ಮುಗೀತು, ಖರ್ಚೇ ಇಲ್ಲ. ನನಗೆ ಈ ವಾರ ಅನ್ನಿಸ್ತಿರೋದೇ ಇದು, ತಪ್ಪಿದ್ರೆ ಹೇಳಿ.

ಎಲ್ಲಾ ಕಡೆ ಹಂಗೇನಿಲ್ಲ ಬಿಡಿ. ಕಾಂಬೋಡಿಯಾದವ್ರು 2005ರಲ್ಲಿ ರಾಜಾಜ್ಞೆ ಹೊರಡಿಸಿ ತಾಳೆ ಮರಾನ ರಾಷ್ಟ್ರೀಯ ಮರ ಮಾಡಿದ್ರು. ನಾವು ಬೇಸಿಗೇಲಿ ರೋಡ್ ಸೈಡಲ್ಲಿ ತಾಟಿನುಂಗು ತಿಂತೀವಲ್ಲ, ಅದೇ ಮರ. ಅಲ್ಲಿ ಆ ಮರ ಹತ್ತಿ ನೀರಾ ಇಳ್ಸಿ ಬೆಲ್ಲ ಕಾಯಿಸಿ ಬದುಕೋ ಸಂಸಾರಗಳಿವೆ, ಗರಿ ಮನೆಗೆ, ದಿಮ್ಮಿ ದೋಣಿಗೆ. ಮಾಲ್ಡೀವ್ಸ್‌ದು ತೆಂಗಿನ ಮರ, ಅವರಿಗೆ ಬೇರೆ ಇನ್ನೇನ್ ಬೆಳೆಯುತ್ತೆ ಪಾಪ. ತಿಪಟೂರಿನವ್ರು ಒಂದು ದೇಶ ಕಟ್ಕೊಂಡಿದ್ರೆ ಅದನ್ನೇ ಇಡ್ತಿದ್ರು. ಕೋಲಾರ ಒಂದು ದೇಶ ಆಗಿದ್ರೆ? ಮಾವು ಅಂತ ನಾವಂತೀವಿ, ಆದ್ರೆ ಎಣಿಸೋಕೆ ಕೂತ್ರೆ ನೀಲಗಿರಿ ಗೆಲ್ಲುತ್ತೋ ಏನೋ! ಆಸ್ಟ್ರೇಲಿಯಾದಿಂದ ಬಂದ ಮರ, 2017ರಲ್ಲಿ ಸರ್ಕಾರ ಹೊಸದಾಗಿ ಹಾಕಬಾರ್ದು ಅಂತ ನಿಷೇಧ ಮಾಡೋ ತನಕ ಹಾಕಿದ್ದೇ ಹಾಕಿದ್ದು. ಆ ಆಸ್ಟ್ರೇಲಿಯಾದವ್ರೇ 1988ರಲ್ಲಿ ದೇಶದ ಲಾಂಛನಕ್ಕೆ ಅಂತ ಹೂವು ಆರಿಸೋವಾಗ ನೀಲಗಿರಿ ಬಿಟ್ಟು ಗೋಲ್ಡನ್ ವ್ಯಾಟಲ್ ಅನ್ನೋ ಜಾಲಿ ಜಾತಿದು ತಗೊಂಡ್ರು, ಬುದ್ಧಿವಂತ್ರು.

ಅಮೆರಿಕದವ್ರು ಇನ್ನೂ ಮಜಾ, ವೋಟ್ ಹಾಕ್ಸಿದ್ರು. 2001ರಲ್ಲಿ ಮರ ನೆಡೋ ಒಂದು ಸಂಸ್ಥೆ ಜನರನ್ನ ಕೇಳ್ತು, ಓಕ್ ಮರಕ್ಕೆ ಒಂದು ಲಕ್ಷದ ಮೇಲೆ ವೋಟ್ ಬಿತ್ತು, ರೆಡ್‌ವುಡ್ ಸೋಲ್ತು, 2004ರಲ್ಲಿ ಕಾನೂನೇ ಆಯ್ತು. ಕೆನಡಾದವ್ರು 1965ರಲ್ಲೇ ಬಾವುಟಕ್ಕೆ ಮೇಪಲ್ ಎಲೆ ಹಾಕ್ಕೊಂಡ್ರು, ಮರಕ್ಕೆ ಅಧಿಕೃತ ಪಟ್ಟ ಕಟ್ಟಿದ್ದು 1996ರಲ್ಲಿ, ಎಲೆಗೆ ಮೊದ್ಲು ಮರಕ್ಕೆ ಆಮೇಲೆ. ಆದ್ರೆ ನನಗೆ ತುಂಬಾ ಹೊಟ್ಟೆ ಉರಿದಿದ್ದು ಬ್ರೆಜಿಲ್ ಕಥೆ ಓದಿ. ಆ ದೇಶಕ್ಕೆ ಹೆಸರು ಬಂದಿದ್ದೇ ಒಂದು ಮರದಿಂದ, ಕೆಂಪು ಬಣ್ಣ ತೆಗೀತಿದ್ರು ಅದರಿಂದ, ಪೋರ್ಚುಗೀಸರು ಬಂದು ಹಡಗು ಹಡಗು ಕಡಿದು ಸಾಗಿಸಿದ್ರು, ಪಿಟೀಲಿನ ಕಮಾನಿಗೂ ಅದೇ ಮರ ಬೇಕು ಅಂತ ಇನ್ನಷ್ಟು ಕಡಿದ್ರು, ಕಾಡಲ್ಲಿ ಹುಡುಕಿದ್ರೂ ಸಿಗೋದು ಕಷ್ಟ ಅನ್ನೋ ಸ್ಥಿತಿ ಬಂತು, ಆಮೇಲೆ 1978ರಲ್ಲಿ ಅದನ್ನ ರಾಷ್ಟ್ರೀಯ ಮರ ಅಂತ ಘೋಷಣೆ ಮಾಡಿದ್ರು. ಲೆಬನಾನ್‌ದೂ ಹತ್ತಿರ ಹತ್ತಿರ ಅದೇ. ಬೆಟ್ಟ ತುಂಬಾ ಇದ್ದ ಸೀಡರ್ ಮರಗಳನ್ನ ಹಡಗಿಗೆ, ದೇವಸ್ಥಾನದ ತೊಲೆಗೆ ಅಂತ ಸಾವಿರಾರು ವರ್ಷ ಕಡಿದು, ಈಗ ಉಳಿದಿರೋ ತೋಪುಗಳನ್ನ ಬೇಲಿ ಹಾಕಿ ಕಾಯ್ತಿದಾರೆ. ಬಾವುಟದಲ್ಲಿ ಮಾತ್ರ ಹಚ್ಚಹಸಿರು.

ಇದನ್ನೂ ದೊಡ್ಡಪ್ಪಂಗೆ ಹೇಳ್ದೆ, ನೋಡಿ ದೊಡ್ಡಪ್ಪ, ಪಟ್ಟ ಕಟ್ಟೋದು ಮರ ಮುಗಿದ ಮೇಲೆ, ನಮ್ಮ ಮಾವಿಗೆ ಪಟ್ಟ ಸಿಕ್ಕಿಲ್ಲ ಅಂದ್ರೆ ಇನ್ನೂ ಬೇಕಾದಷ್ಟಿದೆ ಅಂತ ಅರ್ಥ, ಖುಷಿ ಪಡಿ ಅಂತ. ನಗ್ತಾರೆ ಅನ್ಕೊಂಡಿದ್ದೆ. ತೋಟದ ಮೂಲೆ ಕಡೆ ಕೈ ತೋರ್ಸಿ, "ಆ ಸಾಲು ಈ ಸಲ ತೆಗೆಸ್ತವ್ನೆ ನಿಮ್ಮಣ್ಣ" ಅಂದ್ರು. ಹಳೇ ತೋತಾಪುರಿ ಸಾಲು. ಸಾಮಿಲ್‌ನವ್ರು ಬಂದು ಅಳತೆ ಮಾಡ್ಕೊಂಡು ಹೋಗಿದಾರೆ. ಅಲ್ಲಿ ಏನ್ ಹಾಕ್ತಾನಂತೆ ಅಂದ್ರೆ, ಶ್ರೀಗಂಧ.

ಶ್ರೀಗಂಧ ಅಂದ್ರೆ ನಮ್ಮ ರಾಜ್ಯದ ಮರ, ಅದಕ್ಕೂ ಪಟ್ಟ ಇದೆ. ಟಿಪ್ಪು 1792ರಲ್ಲೇ ರಾಜಮರ ಅಂತ ಮಾಡಿದ್ದ, ಅಲ್ಲಿಂದ ಎರಡು ನೂರು ವರ್ಷ ನಿಮ್ಮ ಹೊಲದಲ್ಲೇ ಹುಟ್ಟಿದ್ರೂ ಮರ ಸರ್ಕಾರದ್ದು, ಯಾರೂ ಬೆಳೆಯೋಕೆ ಹೋಗ್ಲಿಲ್ಲ, ಸಸಿ ಕಂಡ್ರೆ ಕಿತ್ತು ಬಿಸಾಕೋರು, ನಮಗ್ಯಾಕೆ ಕೋರ್ಟು ಕಚೇರಿ ಅಂತ. 2001ರಲ್ಲಿ ಕಾನೂನು ಬದಲಾದ ಮೇಲೆ ಬೆಳೆದೋನೇ ಮಾಲೀಕ. ಈಗ ಬೆಳೀತಿದಾರೆ, ಆದ್ರೆ ಮರ ದಪ್ಪ ಆಗ್ತಿದ್ದ ಹಂಗೆ ಕಳ್ಳರ ಭಯ, ಸಿಸಿ ಕ್ಯಾಮೆರಾ, ನಾಯಿ, ಸೋಲಾರ್ ಬೇಲಿ, ಅದೊಂದು ಬೇರೆ ಪುರಾಣ. ಅಣ್ಣ ಎಲ್ಲಾ ವಿಚಾರಿಸ್ಕೊಂಡೇ ಮಾಡ್ತಿದಾನೆ ಅನ್ನಿ. ಅವನು ಲೆಕ್ಕಾಚಾರದ ಮನುಷ್ಯ, ಅಪ್ಪನ ಥರ ಮರ ಮುಟ್ಟಿ ಮಾತಾಡ್ಸೋನಲ್ಲ.

"ರಾಜಂದು, ಸರ್ಕಾರದ್ದು ಅನ್ನಿಸ್ಕೊಂಡಿರೋ ಮರ ನಮಗ್ ಬ್ಯಾಡ ಅಂದೆ, ಕೇಳ್ಬೇಕಲ್ಲ" ಅಂದ್ರು ದೊಡ್ಡಪ್ಪ. ನಾನು ಏನೂ ಹೇಳ್ಲಿಲ್ಲ, ಅಣ್ಣಂದೂ ತಪ್ಪಿಲ್ಲ, ಹದಿನೈದು ವರ್ಷ ಆದ್ಮೇಲಾದ್ರೂ ಒಂದು ದುಡ್ಡು ಬರುತ್ತೆ ಅಂತ ಅವನಾಸೆ, ತೋತಾಪುರಿಗೆ ಆ ನಂಬಿಕೆ ಎಲ್ಲಿದೆ ಈಗ.

ಸಂಜೆ ನಮ್ಮ ಹುಡುಗ ಬೆಂಗಳೂರಿಗೆ ಹೊರಟಿದ್ದ, ಬ್ಯಾಗ್ ಕಾರಲ್ಲಿ ಇಡ್ತಿದ್ದ. ತಾತನ ಹತ್ರ ಬಂದು ಕಾಲಿಗೆ ಬಿದ್ದ, "ತಾತ ಬೇಜಾರ್ ಮಾಡ್ಕೋಬೇಡಿ, ಮುಂದಿನ ವರ್ಷ ಮರದ ಪ್ರಶ್ನೆ ಇಡಲ್ಲ" ಅಂದ. ದೊಡ್ಡಪ್ಪ ಅವನ ತಲೆ ಮೇಲೆ ಕೈ ಇಟ್ಕೊಂಡೇ ಕೇಳಿದ್ರು,

"ಅದಿರ್ಲಿ, ಟೊಮೆಟೊ ಯಾವ್ ದೇಶದ್ದು ಅಂತ ಮೊಬೈಲಲ್ಲಿ ನೋಡೋ ನಾಯ್ನಾ. ಅದೂ ಯಾರಾನ ಬರ್ಸ್ಕೊಂಡಿದ್ರೆ ಈಗ್ಲೇ ಹೇಳ್ಬುಡು, ನಾಳೆ ಸಸಿ ತರೋಕ್ ಹೋಗ್ಬೇಕು."