ಬೂದಿಗೂ ಒಬ್ಬರು ಬೇಕಲ್ವಾ

ಈ ವಾರವೆಲ್ಲ ನನ್ನ ತಲೆ ತಿಂದಿದ್ದು ಒಂದು ಕೋಳಿ. ನಗಬೇಡಿ.

ಹಿತ್ತಲಿನ ನಾಟಿ ಹೇಂಟೆಗಳ ಜೊತೆ ಭಾನುವಾರ ಗಿರಿರಾಜ ತಳಿಯ ಮರಿಗಳನ್ನು ಬಿಟ್ಟೆವು. ಬಲ್ಬಿನ ಕಾವಲ್ಲಿ ಬೆಳೆದ, ತಾಯಿಯನ್ನೇ ಕಾಣದ ಮರಿಗಳು. ಈಗ 8 ವಾರ, ಪುಕ್ಕ ಪೂರ್ತಿ ಬಂದಿದೆ. ಕೊಕ್ಕರೆ ರೋಗದ ಲಸಿಕೆ ಆಗಿತ್ತು. ಬಿಡುವ ಮುಂಚೆ ಕೆಲವು ದಿನ ಜಾಲರಿಯ ಆಚೆ ಈಚೆ ಇಟ್ಟು ಒಂದಕ್ಕೊಂದು ಮುಖ ಪರಿಚಯವನ್ನೂ ಮಾಡಿಸಿದ್ದೆ. 'ಕೋಳಿಗೆಂಥ ಪರಿಚಯ, ಬುಟ್ಟಿ ಎತ್ತಿದ್ರಾಯ್ತು' ಅಂತ ನಮ್ಮ ಭಾವ ಹೇಳಿದ್ದರು. ಅವರು ಜನ್ಮದಲ್ಲಿ ಒಂದು ಕೋಳಿಗೂ ಒಂದು ಹಿಡಿ ರಾಗಿ ಹಾಕಿದವರಲ್ಲ.

ನನಗೆ ಭಯ ಇದ್ದಿದ್ದು ಪಟೇಲಮ್ಮನದು. ನಮ್ಮ ಹಿತ್ತಲಿನ ಯಜಮಾನಿ ಅದು. ಅದು ತಿಪ್ಪೆ ಹತ್ತಿದರೆ ಉಳಿದವು ಇಳಿಯುತ್ತವೆ. ಭಾನುವಾರ ಅದು ಬಂತು, ಕತ್ತು ಎತ್ತಿ ನಿಂತಿತು, ಎಲ್ಲಕ್ಕಿಂತ ದೊಡ್ಡ ಮರಿಯ ನೆತ್ತಿಗೆ ಒಂದೇ ಒಂದು ಕುಕ್ಕು ಕೊಟ್ಟಿತು. ಮರಿ ತಲೆ ತಗ್ಗಿಸಿತು. ಮುಗೀತು, ಪಟೇಲಮ್ಮ ವಾಪಸ್ ತಿಪ್ಪೆಗೆ.

ಆಮೇಲೆ ಬಂದಿದ್ದು ಬೂದಿ. ಎಲ್ಲರ ಹತ್ತಿರ ಕುಕ್ಕಿಸಿಕೊಂಡು ಕತ್ತಿನ ಹಿಂದೆ ಪುಕ್ಕವೇ ಇಲ್ಲದ ಕೋಳಿ. ಕಾಳು ಸಿಗೋದು ಕೊನೆಗೆ, ರಾತ್ರಿ ಕೂರೋದು ಮಳೆ ಎರಚುವ ತುದಿಯಲ್ಲಿ. ಅದು ಕರಿಬೇವಿನ ಗಿಡದ ಬುಡದಿಂದ ಕತ್ತು ಚಾಚಿ ಓಡಿಬಂದು, ಎಲ್ಲಕ್ಕಿಂತ ಚಿಕ್ಕ ಮರಿಯ ಬಾಲದ ಪುಕ್ಕ ಕಿತ್ತಿತು. ಮರಿ ಕಿರುಚಿ ಓಡಿತು. ಬೂದಿ ಪುಕ್ಕ ಕಚ್ಚಿಕೊಂಡೇ ನಿಂತು ಪಟೇಲಮ್ಮನ ಕಡೆ ನೋಡಿತು. ಆ ನೋಟ ನನಗೆ ಮರೆಯೋಕೆ ಆಗ್ತಿಲ್ಲ. ನೋಡಿದ್ಯಾ ಅಂತ ಕೇಳಿದ ಹಾಗಿತ್ತು. ಪಟೇಲಮ್ಮ ಹುಳ ಹುಡುಕುತ್ತಿತ್ತು.

ನಾನು ಪೊರಕೆ ಎತ್ತಿದೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ಅಜ್ಜಿ, 'ಬಿಡಿ, ಅದಕ್ಕೂ ಕುಕ್ಕೋಕೆ ಒಬ್ರು ಬೇಕಲ್ವಾ' ಅಂದು ಎಲೆ ಅಡಿಕೆ ಜಗಿಯುತ್ತಾ ಒಳಗೆ ಹೋದರು. ಊರಿನವರ ಮಕ್ಕಳ ಮದುವೆ ವಿಷಯವೆಲ್ಲ ತಮಗೇ ಬೇಕು ಅನ್ನುವ ಹೆಂಗಸು, ನನಗೆ ಅಷ್ಟಾಗಿ ಇಷ್ಟವಿಲ್ಲ. ಆದರೆ ಪಾತ್ರೆ ತೊಳೆಯುವಾಗ, ಬಸ್ಸಲ್ಲಿ ನಿಂತಾಗ, ಅದೇ ಮಾತು. ಅದಕ್ಕೂ ಒಬ್ರು ಬೇಕಲ್ವಾ.

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನೋದಕ್ಕೆ ಒಂದು ಸರದಿ ಇದೆ ಅಂತ 1920ರ ದಶಕದಲ್ಲೇ ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡೆರುಪ್-ಎಬ್ಬೆ ಬರೆದಿದ್ದ. ಅವನೂ ಚಿಕ್ಕಂದಿನಿಂದ ಕೋಳಿ ನೋಡುತ್ತಾ ಕೂತವನೇ. ನನಗೆ ನೆನಪಾಗಿದ್ದು ಮಾತ್ರ ನಮ್ಮ ಹಾಸ್ಟೆಲ್. ಫೈನಲ್ ಇಯರ್‌ನವರು ಹೆಸರು, ಊರು ಕೇಳಿ ಸುಮ್ನಾದರು. ರಾತ್ರಿಯೆಲ್ಲ ಕಾರಿಡಾರಿನಲ್ಲಿ ನಿಲ್ಲಿಸಿದವರು ಸೆಕೆಂಡ್ ಇಯರ್‌ನವರು. ಅದರಲ್ಲೂ ಹಿಂದಿನ ವರ್ಷ ಅತ್ತು ಮನೆಗೆ ಓಡಿಹೋಗಿದ್ದಳಂತೆ ಒಬ್ಬಳು, ಅವಳೇ ಮುಂದೆ. ನಮ್ಮನ್ನು ನಿಲ್ಲಿಸಿ ಅವಳು ಕೂಡ ಪದೇ ಪದೇ ಫೈನಲ್ ಇಯರ್‌ನವರ ರೂಮಿನ ಕಡೆ ನೋಡುತ್ತಿದ್ದಳು. ಆ ಬಾಗಿಲು ತೆರೆಯಲೇ ಇಲ್ಲ. ಇಷ್ಟು ವರ್ಷ ಅವಳ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಆದರೆ ಬಾಗಿಲು ಹಾಕಿಕೊಂಡು ಓದುತ್ತಿದ್ದರಲ್ಲ, ಅವರ ಮೇಲೆ ಒಂದು ದಿನವೂ ಸಿಟ್ಟು ಬಂದಿರಲಿಲ್ಲ. ಎಷ್ಟು ಒಳ್ಳೆಯವರು ಅಂತಲೇ ಅಂದುಕೊಂಡಿದ್ದೆ!

ಇರಲಿ. ಮರಿಯ ಗಾಯಕ್ಕೆ ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದೆ. ರಕ್ತದ ಕೆಂಪು ಕಂಡರೆ ಉಳಿದವೂ ಅಲ್ಲೇ ಕುಕ್ಕುತ್ತವೆ. ಇಟ್ಟಿಗೆ ಜೋಡಿಸಿ ಮೇಲೆ ಹಲಗೆ ಹಾಕಿ ಮರಿಗಳಷ್ಟೇ ನುಸುಳುವ ಗೂಡು ಮಾಡಿದ್ದೇನೆ, ಅವುಗಳ ಆಹಾರ ಅದರೊಳಗೆ. ಮೊಟ್ಟೆ ಕೋಳಿಯ ಆಹಾರದಲ್ಲಿ ಸುಣ್ಣದ ಅಂಶ ಜಾಸ್ತಿ, ಮರಿಗಳ ಮೂತ್ರಪಿಂಡಕ್ಕೆ ಅದು ಆಗಲ್ಲ. ಕಾಟ ಕೊಡೋ ಕೋಳಿಯನ್ನು ಎರಡು ಮೂರು ದಿನ ಬೇರೆ ಇಟ್ಟರೆ ವಾಪಸ್ ಬರುವಾಗ ಅದರ ಸ್ಥಾನ ಇಳಿದಿರುತ್ತದೆ ಅಂತಾರೆ. ಬೂದಿಗೆ ಇಳಿಯೋಕೆ ಜಾಗ ಎಲ್ಲಿದೆ? ಗಿರಿರಾಜ ಹೇಂಟೆ ಬೆಳೆದರೆ 3 ಕೆಜಿ ಮುಟ್ಟುತ್ತದೆ, ಬೂದಿ ಅದರ ಅರ್ಧವೂ ಇಲ್ಲ. ಇನ್ನು ನಾಲ್ಕು ತಿಂಗಳಿಗೆ ಅದು ಮತ್ತೆ ಕೊನೆಯದೇ.

ಅದನ್ನು ಬೇರೆ ಇಡಬೇಕೋ ಬೇಡವೋ ಇನ್ನೂ ತೀರ್ಮಾನ ಆಗಿಲ್ಲ. ಭಾವ ಮಾತ್ರ ಈ ಭಾನುವಾರ ಬೂದಿಯದೇ ಸಾರು ಮಾಡೋಣ ಅಂತಿದ್ದಾರೆ. ಊಟಕ್ಕೆ ಬರಲೇಬೇಡಿ ಅಂದಿದ್ದೇನೆ.