ಸೇವಂತಿಗೆ ತೋಟದ ಬಲ್ಬು, ನಮ್ಮನೆ ಕೋನ್‌ಫ್ಲವರು

ನಮ್ಮ ಮನೆಯಲ್ಲಿ ಇನ್ನೇನಕ್ಕೆ ಕೊರತೆಯಿದ್ದರೂ ಬಿಸಿಲಿಗಿಲ್ಲ. ಚಿಕ್ಕಬಳ್ಳಾಪುರದಿಂದ ನಂದಿ ಕಡೆಗೆ ಹೋಗುವ ದಾರಿಯ ಲೇಔಟು, ಅಕ್ಕಪಕ್ಕದ ಸೈಟುಗಳು ಇನ್ನೂ ಖಾಲಿ. ಬೆಳಿಗ್ಗೆ ಎಂಟಕ್ಕೆ ಕಾಂಪೌಂಡು ದಾಟಿ ಒಳಗೆ ಬಂದ ಬಿಸಿಲು ಸಂಜೆ ಐದಾಗುವ ತನಕ ಜಪ್ಪಯ್ಯ ಅಂದರೂ ಕದಲಲ್ಲ. ಮಣ್ಣು ಕೆಂಪು. ನೀರು ಬೋರ್‌ವೆಲ್ಲಿನದು, ಗಡಸು. ಕುಂಡದ ಅಂಚಿಗೆ ಸ್ವಲ್ಪ ದಿನದಲ್ಲೇ ಬಿಳಿ ಪಟ್ಟೆ ಕಟ್ಟುತ್ತೆ.

ಇಂಥ ಜಾಗಕ್ಕೆ ಏನು ಹಾಕೋದು ಅಂತ ಹುಡುಕುವಾಗ ಕಣ್ಣಿಗೆ ಬಿದ್ದಿದ್ದು ಕೋನ್‌ಫ್ಲವರ್, ಅಂದರೆ ಎಕಿನೇಸಿಯ. ದಿನಕ್ಕೆ ಆರು ಗಂಟೆಗೆ ಕಮ್ಮಿಯಿಲ್ಲದ ಬಿಸಿಲು ಬೇಕು, ಬೇರು ಹಿಡಿದ ಮೇಲೆ ನೀರು ಕಮ್ಮಿಯಾದರೂ ತಡೆದುಕೊಳ್ಳುತ್ತೆ, ಗೊಬ್ಬರ ಜಾಸ್ತಿ ಕೊಟ್ಟರೇ ಕಷ್ಟ. ಬಯಲುಸೀಮೆಗೆ ಇದಕ್ಕಿಂತ ಹೊಂದಿಕೊಂಡು ಹೋಗುವ ಸೊಸೆ ಸಿಕ್ಕಾಳೆ? ಇದನ್ನ ನಮ್ಮತ್ತೆಗೆ ಹೇಳಿದಾಗ ಅವರು ನನ್ನನ್ನೊಮ್ಮೆ, ಬೀಜದ ಪೊಟ್ಟಣವನ್ನೊಮ್ಮೆ ನೋಡಿ ಸುಮ್ಮನಾದರು.

ಉತ್ತರ ಅಮೆರಿಕದ ಮಧ್ಯ ಮತ್ತು ಪೂರ್ವ ಭಾಗದ ಹುಲ್ಲುಗಾವಲಿನ ಗಿಡ ಇದು. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂವಿನ ಕುಟುಂಬದ್ದೇ. ಮನೆ ತೋಟಗಳಲ್ಲಿ ಹೆಚ್ಚಾಗಿ ಬೆಳೆಯೋದು ಎಕಿನೇಸಿಯ ಪರ್ಪ್ಯೂರಿಯಾ ಅನ್ನೋ ನೇರಳೆಗುಲಾಬಿ ಬಣ್ಣದ್ದು. ಬೀಜ ಕೊಳ್ಳುವಾಗ ಹುಷಾರು. ರುಡ್‌ಬೆಕಿಯಾ ಅನ್ನೋ ಹಳದಿ ಹೂವನ್ನೂ ಕೋನ್‌ಫ್ಲವರ್ ಅಂತಲೇ ಮಾರ್ತಾರೆ. ಮಾರುವವರನ್ನು ಬೈಯೋಕೂ ಆಗಲ್ಲ. ಗಿಡಗಳಿಗೆಲ್ಲ ಶಾಸ್ತ್ರೀಯ ಹೆಸರಿಟ್ಟ ಸಸ್ಯವಿಜ್ಞಾನಿ ಲಿನೇಯಸ್ಸೇ 1753ರಲ್ಲಿ ಈ ನೇರಳೆಗುಲಾಬಿ ಹೂವನ್ನ ರುಡ್‌ಬೆಕಿಯಾ ಅಂತ ಬರೆದಿಟ್ಟಿದ್ದ. ಬೇರೆ ಜಾತಿ ಅಂತ ಮೋಂಕ್ ಅನ್ನೋ ಇನ್ನೊಬ್ಬ ಸಸ್ಯವಿಜ್ಞಾನಿ ವಿಂಗಡಿಸಿದ್ದು 1794ರಲ್ಲಿ.

ಬೀಜ ಮಾಸಲು ಬಿಳಿ, ಬೆಣೆಯ ಆಕಾರ. ಅದರ ಊರಲ್ಲಿ ಚಳಿಗಾಲವೆಲ್ಲ ಹಿಮದಡಿ ಒದ್ದೆ ಮಣ್ಣಲ್ಲಿದ್ದು ವಸಂತಕ್ಕೆ ಮೊಳೆಯುವಂಥದ್ದು. ನಮ್ಮ ಚಳಿಗೆ ಅದೆಲ್ಲಿ ನಡುಗೀತು? ಅದಕ್ಕೇ ಒದ್ದೆ ಟಿಶ್ಯೂ ಪೇಪರಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಮೂರು ನಾಲ್ಕು ವಾರ ಫ್ರಿಜ್ಜಿನಲ್ಲಿಟ್ಟೆ. ಪರ್ಪ್ಯೂರಿಯಾಗೆ ಇದು ಬೇಕೇಬೇಕು ಅಂತಿಲ್ಲ, ಆದರೆ ಮೊಳಕೆ ಒಟ್ಟಿಗೆ ಬರುತ್ತೆ. ದೋಸೆ ಹಿಟ್ಟಿನ ಪಕ್ಕ ಇದೇನಿದು ಅಂತ ಡಬ್ಬಿ ತೆಗೆದು ನೋಡಿದ ಅತ್ತೆ, "ಬೀಜಕ್ಕೂ ಏಸಿ ಬೇಕಾ ನಿಂದು?" ಅಂದರು.

ಅಕ್ಟೋಬರ್ ಮಳೆ ಕಮ್ಮಿಯಾದ ಮೇಲೆ ಟ್ರೇಗೆ ಹಾಕಿದೆ. ಮೇಲೆ ಮಣ್ಣು ತೆಳ್ಳಗೆ ಉದುರಿಸಿದರೆ ಸಾಕು, ಆಳಕ್ಕೆ ಹೂಳಬಾರದು. ಕುಂಡಕ್ಕೆ ಅರ್ಧ ಕೆಮ್ಮಣ್ಣು, ಉಳಿದರ್ಧದಲ್ಲಿ ಎಂ-ಸ್ಯಾಂಡು, ಕೋಕೋಪೀಟು, ಒಂದೆರಡು ಹಿಡಿ ಎರೆಗೊಬ್ಬರ. ಅಡಿಗೆ ಒಡೆದ ಇಟ್ಟಿಗೆ ಚೂರು. ಗಿಡದ ಬುಡ ಸುತ್ತಲಿನ ಮಣ್ಣಿಗಿಂತ ಚೂರು ಎತ್ತರದಲ್ಲಿರಬೇಕು, ಯಾಕಂದರೆ ಈ ಗಿಡ ಬಾಯಾರಿಕೆಯಿಂದ ಸಾಯೋದಕ್ಕಿಂತ ಬುಡ ಕೊಳೆತು ಸಾಯೋದೇ ಹೆಚ್ಚು. ನೀರು ಬೆಳಿಗ್ಗೆ, ಬುಡಕ್ಕೆ ಮಾತ್ರ.

ಸಂಕ್ರಾಂತಿ ಹೊತ್ತಿಗೆ ಗಿಡಗಳು ಚೆನ್ನಾಗೇ ಇದ್ದವು. ಅಗಲ ಎಲೆ, ಮುಟ್ಟಿದರೆ ಗರಗರ ಅನ್ನೋ ಒರಟು, ಕಡು ಹಸಿರು. ಆದರೆ ಎಲ್ಲವೂ ನೆಲಕ್ಕಂಟಿಕೊಂಡೇ ಕೂತಿದ್ದವು. ಕಾಂಡದ ಸುಳಿವಿಲ್ಲ. ಬೀಜದಿಂದ ಬೆಳೆಸಿದರೆ ಎರಡನೇ ವರ್ಷಕ್ಕೆ ಹೂ ಬಿಡೋದು ವಾಡಿಕೆ ಅಂತ ಓದಿದ್ದೆ. ಆದರೆ ನಾನು ತರಿಸಿದ್ದು ಮೊದಲ ವರ್ಷವೇ ಹೂ ಬಿಡುವ ತಳಿ.

ನಮ್ಮ ಮನೆಗೆ ಸ್ವಲ್ಪ ದೂರದಲ್ಲಿ ಒಬ್ಬರ ಸೇವಂತಿಗೆ ತೋಟ ಇದೆ. ಈ ಕಡೆ ರಾತ್ರಿ ಓಡಾಡಿದವರಿಗೆ ಗೊತ್ತು. ಕಗ್ಗತ್ತಲಲ್ಲಿ ಒಂದಿಡೀ ಹೊಲದ ಮೇಲೆ ಸಾಲುಸಾಲು ಬಲ್ಬು ಉರಿಯುತ್ತಿರುತ್ತೆ. ಹೊಸಬರು ಮದುವೆ ಮನೆ ಅಂದುಕೊಳ್ತಾರೆ. ಹಾಲಿಗೆ ಹೋದಾಗ ಆ ತೋಟದ ಯಜಮಾನರನ್ನ ಕೇಳಿದೆ, "ಯಾಕಣ್ಣ ರಾತ್ರಿ ಲೈಟು?"

"ರಾತ್ರಿ ಉದ್ದ ಅಂತ ಗೊತ್ತಾಗ್ಬಿಟ್ರೆ ಮೊಗ್ಗು ಕಚ್ಚಿಬಿಡ್ತದಮ್ಮ. ಗಿಡ ನೋಡಿದ್ರೆ ಇನ್ನೂ ಗೇಣುದ್ದ. ಲೈಟಾಕಿದ್ರೆ ಹಗಲೇ ಅಂದ್ಕೊಂಡು ಬೆಳ್ಕೊಂಡೋಯ್ತದೆ. ಸಾಕು ಅನ್ನಿಸಿದಾಗ ಆಫ್ ಮಾಡಿದ್ರೆ ಮೊಗ್ಗು ಬತ್ತದೆ."

ಸೇವಂತಿಗೆ ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡ. ಅದಕ್ಕೇ ನೆಟ್ಟ ಮೊದಲ ಕೆಲವು ವಾರ ಬೆಳಕು ಕೊಟ್ಟು ಮೊಗ್ಗು ತಡೀತಾರೆ, ಹಬ್ಬದ ಮಾರ್ಕೆಟ್ಟಿನ ಲೆಕ್ಕ ನೋಡಿ ಬಿಡ್ತಾರೆ. ನನ್ನ ಕೋನ್‌ಫ್ಲವರಿನದು ಇದಕ್ಕೆ ಉಲ್ಟಾ. ಅದಕ್ಕೆ ಹಗಲು ಉದ್ದ ಬೇಕು, ಹೆಚ್ಚುಕಮ್ಮಿ 14 ಗಂಟೆ. ಅದರ ಊರಲ್ಲಿ ಜೂನ್ ತಿಂಗಳ ಹಗಲು 15 ಗಂಟೆ ಮುಟ್ಟುತ್ತೆ. ನಮ್ಮದು 13 ಡಿಗ್ರಿ ಅಕ್ಷಾಂಶದ ಊರು. ಡಿಸೆಂಬರಲ್ಲಿ ಹಗಲು 11 ಗಂಟೆ 20 ನಿಮಿಷದ ಆಸುಪಾಸು, ಜೂನಲ್ಲಿ ಎಷ್ಟೇ ಎಳೆದರೂ 13 ಗಂಟೆಗೆ ಸ್ವಲ್ಪ ಕಮ್ಮಿಯೇ. ಬಿಸಿಲಿನ ಕಾವಿನಲ್ಲಿ ನಾವು ಯಾರಿಗೂ ಕಮ್ಮಿಯಿಲ್ಲ, ಬಿಸಿಲಿನ ಹೊತ್ತಿನಲ್ಲಿ ಬಡವರು. "ಫುಲ್ ಸನ್" ಅಂತ ಪೊಟ್ಟಣದ ಮೇಲೆ ಅಚ್ಚು ಹಾಕೋರು ಇದನ್ನ ಹೇಳಲ್ಲ. ಅವರಿಗೆ ಬೇಸಿಗೆ ಅಂದರೆ ಉದ್ದ ಹಗಲು ಅನ್ನೋದು ಹೇಳಬೇಕಾದ ಮಾತೇ ಅಲ್ಲ.

ಸಂಕ್ರಾಂತಿ ಕಳೆದ ಮೇಲೆ ಮುಂದಿನ ಸಾಲಿನ ಕುಂಡಗಳ ಮೇಲೆ ಒಂದು ವೈರ್ ಎಳೆಸಿ 9 ವ್ಯಾಟಿನ ಎಲ್‌ಇಡಿ ಬಲ್ಬು ತೂಗುಹಾಕಿಸಿದೆ. ಹೊತ್ತು ಮುಳುಗುವಾಗ ಆನ್, ರಾತ್ರಿ ಹತ್ತಕ್ಕೆ ಆಫ್. ಈ ಬೆಳಕು ಗಿಡಕ್ಕೆ ಅನ್ನ ಬೇಯಿಸೋಕಲ್ಲ, ಹೊತ್ತು ಎಷ್ಟಾಯ್ತು ಅಂತ ಎಲೆಗೆ ತಿಳಿಸೋಕೆ ಅಷ್ಟೇ. ಹಾಗಾಗಿ ದೊಡ್ಡ ಬಲ್ಬು ಬೇಕಿಲ್ಲ, ಕರೆಂಟು ಬಿಲ್ಲಲ್ಲಿ ಅದು ಲೆಕ್ಕಕ್ಕೂ ಸಿಗಲಿಲ್ಲ. ಹಿಂದಿನ ಸಾಲನ್ನ ಬೇಕಂತಲೇ ಗೋಡೆಯ ಆ ಕಡೆ, ಬೆಳಕು ತಾಗದ ಹಾಗೆ ಬಿಟ್ಟೆ. ಸಂಜೆ ವಾಕಿಂಗ್ ಬರೋ ಹೆಂಗಸರು ಗೇಟಿನಾಚೆಯಿಂದ, "ಏನಕ್ಕಾ, ಮನೆ ಮುಂದೇನೇ ಸೇವಂತಿಗೆ ಹಾಕ್ಬಿಟ್ರಾ?" ಅಂತ ನಗೋರು.

ಯುಗಾದಿ ಆಸುಪಾಸಿನಲ್ಲಿ ಮುಂದಿನ ಸಾಲಿನ ಗಿಡಗಳ ನಡುವಿನಿಂದ ಗಟ್ಟಿ ಕಾಂಡ ಎದ್ದಿತು. ಏಪ್ರಿಲ್ ಕೊನೆಗೆ ಹೂ. ಹಿಂದಿನ ಸಾಲು ಆಗಲೂ ಎಲೆ ಹರಡಿಕೊಂಡೇ ಕೂತಿತ್ತು. ಅದು ಕಾಂಡ ಎತ್ತಿದ್ದು ಮಳೆಗಾಲದಲ್ಲಿ, ಅದೂ ಒಂದೋ ಎರಡೋ.

ಹೂ ಅರಳೋದನ್ನ ಹತ್ತಿರದಿಂದ ನೋಡಬೇಕು. ಮೊದಲು ಹಸಿರು ಬಿಲ್ಲೆ ಮಾತ್ರ, ಸುತ್ತ ಮೋಟು ಎಸಳು, ಬಣ್ಣ ಇನ್ನೂ ಇಳಿದಿರಲ್ಲ. ದಿನ ಕಳೆದ ಹಾಗೆ ಎಸಳು ಉದ್ದವಾಗಿ ಗುಲಾಬಿಗೆ ತಿರುಗುತ್ತೆ, ನಡುವಿನ ಬಿಲ್ಲೆ ಉಬ್ಬಿ ಗುಬ್ಬಟೆಯಾಗಿ ಕಿತ್ತಳೆ ಮುಳ್ಳು ತೋರಿಸುತ್ತೆ. ನಿಜವಾದ ಹೂವುಗಳಿರೋದು ಆ ಮುಳ್ಳುಗಳ ಸಂದಿಯಲ್ಲಿ, ಸಣ್ಣಸಣ್ಣವು, ಲೆಕ್ಕವಿಲ್ಲದಷ್ಟು. ಅವು ಒಟ್ಟಿಗೆ ಬಿರಿಯಲ್ಲ. ಹೊರಗಿನ ಸುತ್ತು ಮೊದಲು, ಆಮೇಲೆ ಅದರ ಒಳಗಿನದು, ಹೀಗೆ ಒಂದೊಂದೇ ಉಂಗುರ ಮೇಲೇರುತ್ತೆ. ಇವತ್ತು ಹಳದಿ ಪರಾಗದ ಗೆರೆ ಎಲ್ಲಿದೆಯೋ ನಾಳೆ ಅದಕ್ಕಿಂತ ಚೂರು ಒಳಗೆ. ಜೇನುಹುಳಕ್ಕೆ ಇದು ಗೊತ್ತು, ನೇರ ಆ ಗೆರೆಯ ಮೇಲೇ ಕೂತು ಸುತ್ತು ಹೊಡೀತದೆ, ನಡುವಿನ ಭಾಗ ಮುಟ್ಟೋದೂ ಇಲ್ಲ. ನಮ್ಮ ಕರಿಬೇವಿನ ಗಿಡದಲ್ಲಿ ಹುಟ್ಟುವ ಚಿಟ್ಟೆಗಳೂ ಇಲ್ಲಿಗೇ ಬರ್ತವೆ. ಸುತ್ತಲಿನ ಗುಲಾಬಿ ಎಸಳುಗಳಿಗೆ ಬೀಜ ಕಟ್ಟುವ ಶಕ್ತಿ ಇಲ್ಲ, ಅವು ಬರೀ ಕರೆಯೋಕೆ. ಒಂದು ಹೂ ವಾರಗಟ್ಟಲೆ ನಿಲ್ಲುತ್ತೆ. ಮೇ ಬಿಸಿಲಿಗೆ ಎಸಳಿನ ಬಣ್ಣ ಒಂಚೂರು ಬಿಳುಚಿತು, ಗುಬ್ಬಟೆ ಮಾತ್ರ ಹಾಗೇ ಇತ್ತು.

ರೋಗದ ವಿಷಯಕ್ಕೆ ಬಂದರೆ ಎರಡೇ ಮಾತು. ಎಲೆ ಮೇಲೆ ಬಿಳಿ ಪುಡಿ ಕಂಡರೆ ಅದು ಬೂದಿರೋಗ. ದ್ರಾಕ್ಷಿ ಬೆಳೆಯೋ ನಮ್ಮೂರಿಗೆ ಇದನ್ನ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಕುಂಡಗಳ ನಡುವೆ ಗಾಳಿ ಆಡೋ ಹಾಗೆ ಜಾಗ ಬಿಟ್ಟರೆ ಅರ್ಧ ಕೆಲಸ ಮುಗೀತು. ಇನ್ನೊಂದು ಕೆಟ್ಟದ್ದು. ಹೂವಿನ ಬಣ್ಣ ಹೋಗಿ ಹಸಿರಾಗಿ, ಗುಬ್ಬಟೆಯಿಂದಲೇ ಎಲೆ ಹೊರಟರೆ ಅದು ಫೈಟೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಯಿಂದ ಬರೋ, ಜಿಗಿಹುಳು ಹರಡುವ ರೋಗ. ಬದನೆ ಗಿಡದಲ್ಲಿ ಎಲೆ ಚಿಕ್ಕದಾಗಿ ಗುಂಪು ಕಟ್ಟಿಕೊಂಡು ಕಾಯಿ ಬಿಡದೇ ಹೋಗ್ತದಲ್ಲ, ಅದರ ನೆಂಟ. ಇದಕ್ಕೆ ಔಷಧಿ ಇಲ್ಲ. ಕನಿಕರ ತೋರಿಸದೆ ಬೇರುಸಹಿತ ಕಿತ್ತು ಬಿಸಾಕಬೇಕು.

ಔಷಧಿ ಅಂದ ಕೂಡಲೇ ನೆನಪಾಯ್ತು. ಇದು ನೆಗಡಿಗೆ ಒಳ್ಳೇದಂತೆ, ಕಷಾಯ ಮಾಡಬಹುದಾ ಅಂತ ಮನೆಗೆ ಬಂದವರೆಲ್ಲ ಕೇಳ್ತಾರೆ. ಅಮೆರಿಕದ ಮೂಲನಿವಾಸಿಗಳು ಬೇರನ್ನ ಮದ್ದಿಗೆ ಬಳಸ್ತಿದ್ದರು, ಈಗ ಮಾತ್ರೆಯಾಗಿಯೂ ಮಾರ್ತಾರೆ, ಎಲ್ಲ ನಿಜ. ಆದರೆ ನೆಗಡಿ ಮೇಲೆ ನಡೆದ ಪರೀಕ್ಷೆಗಳೇ ಒಂದು ಹೌದು ಅಂದರೆ ಇನ್ನೊಂದು ಇಲ್ಲ ಅಂತವೆ. ಅದೂ ಅಲ್ಲದೆ ಪಾರ್ಥೇನಿಯಂ ಇದೇ ಕುಟುಂಬದ್ದು, ಅದರ ಅಲರ್ಜಿ ಇರೋರು ನಮ್ಮ ಕಡೆ ಮನೆಗೊಬ್ಬರು ಸಿಕ್ಕಾರು. ಅವರಿಗೆ ಇದೂ ಆಗದೇ ಇರಬಹುದು. ನಮ್ಮನೇಲಿ ನೆಗಡಿಗೆ ಮೆಣಸು, ಶುಂಠಿ ಇದೆ, ಕೋನ್‌ಫ್ಲವರ್ ತಂಟೆ ಬೇಡ ಅಂತೀನಿ.

ಅತ್ತೆಯ ತಕರಾರು ಬೇರೆ. "ಕಟ್ಟೋಕೆ ಬರಲ್ಲ, ಮುಡಿಯೋಕೆ ಬರಲ್ಲ, ಘಮ ಇಲ್ಲ. ಏನಕ್ಕೆ ಇದು?" ಹೂವನ್ನ ಕೆಜಿ ಲೆಕ್ಕದಲ್ಲಿ ತೂಗೋ, ಮಾರು ಲೆಕ್ಕದಲ್ಲಿ ಅಳೆಯೋ ಊರಿನವರು ಅವರು, ತಪ್ಪೇನಿಲ್ಲ. ತೋಟದ ಯಜಮಾನರು ಬಂದು ನೋಡಿದಾಗಲೂ ಮೊದಲು ಕೇಳಿದ್ದು ರೇಟು. ಕತ್ತರಿಸಿ ನೀರಲ್ಲಿಟ್ಟರೆ ಎಷ್ಟು ದಿನ ಬರ್ತದೆ ಅಂತ ವಿಚಾರಿಸಿದರು, ಎಸಳು ಉದುರಿದ ಮೇಲೂ ಬರೀ ಗುಬ್ಬಟೆಯನ್ನೇ ಬೊಕೆಗೆ ಹಾಕ್ತಾರೆ ಅಂದಿದ್ದಕ್ಕೆ ಅಷ್ಟೇನೂ ನಂಬಲಿಲ್ಲ.

ಈಗ ಒಣಗಿದ ಗುಬ್ಬಟೆಗಳನ್ನ ಕಾಗದದ ಕವರಿನಲ್ಲಿ ಹಾಕಿಟ್ಟಿದ್ದೀನಿ. ಬೀಜ ಬಿಡಿಸೋರು ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಆ ಮುಳ್ಳು ಒಣಗಿದ ಮೇಲೆ ಚುಚ್ಚೋದೇ ಬೇರೆ ಥರ. ಹೈಬ್ರಿಡ್ ತಳಿಯ ಬೀಜದಲ್ಲಿ ತಾಯಿಯ ಬಣ್ಣವೇ ಬರುತ್ತೆ ಅಂತ ನೆಚ್ಚಿಕೊಳ್ಳೋಕಾಗಲ್ಲ, ಬಂದ ಬಣ್ಣ ಬರಲಿ. ಹಳೇ ಗಿಡಗಳನ್ನ ಅಲುಗಾಡಿಸಲ್ಲ. ಬುಡ ಬೇರ್ಪಡಿಸೋದೇನಿದ್ದರೂ ಇನ್ನು ಮೂರು ನಾಲ್ಕು ವರ್ಷ ಬಿಟ್ಟು. ಮುಂದಿನ ಸಂಕ್ರಾಂತಿಗೆ ಹಿಂದಿನ ಸಾಲಿಗೂ ವೈರ್ ಎಳೆಸ್ತೀನಿ. ಸಂಜೆ ಸ್ವಿಚ್ ಹಾಕೋ ಕೆಲಸಕ್ಕೆ ಒಂದು ಟೈಮರ್ ತರಬೇಕು ಅಂತಿದ್ದೆ. ದೀಪ ಹಚ್ಚೋ ಹೊತ್ತಿಗೆ ಅದನ್ನೂ ನಾನೇ ಹಾಕ್ತೀನಿ, ಸುಮ್ಮನೆ ದುಡ್ಡು ದಂಡ ಯಾಕೆ ಅಂತ ಅತ್ತೆ ಬೇಡ ಅಂದಿದಾರೆ.